ಪ್ಯಾಕೆಟ್‌ಫೆನ್ಸ್: ಮೂರು ಮಳೆಗಾಲ ಬಳಸಿದ ಮೇಲೆ

ಶಿವಮೊಗ್ಗ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನನ್ನದು. ನಾಲ್ಕು ಬ್ಲಾಕು, ಎರಡು ಹಾಸ್ಟೆಲ್ಲು, 38 ಸ್ವಿಚ್ಚು (ಕಂಪ್ಯೂಟರುಗಳ ತಂತಿಗಳನ್ನು ಜಾಲಕ್ಕೆ ಜೋಡಿಸುವ ಪೆಟ್ಟಿಗೆ). ಕೆಲಸಕ್ಕೆ ನಾನು, ಜೊತೆಗೊಬ್ಬ ಲ್ಯಾಬ್ ಅಸಿಸ್ಟೆಂಟ್. 2023ರ ಬೇಸಿಗೆ ರಜೆಯಲ್ಲಿ, ಜಾಲದೊಳಗೆ ಯಾವ ಯಂತ್ರವನ್ನು ಬಿಡಬೇಕೆಂದು ತೀರ್ಮಾನಿಸುವ ತಂತ್ರಾಂಶವಾದ ಪ್ಯಾಕೆಟ್‌ಫೆನ್ಸ್ ಹಾಕಿದೆವು, ಅಲ್ಲಿಂದ ಮೂರು ಮಳೆಗಾಲ ಕಳೆದಿವೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಯಾಕೆ ಕಡಿದೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಹೇಳಬೇಕಾದ್ದು ಅದರ ಐಸೊಲೇಶನ್ ವಿಲ್ಯಾನ್ ವಿಷಯ. ವಿಲ್ಯಾನ್ ಎಂದರೆ ಅದೇ ಸ್ವಿಚ್ಚುಗಳೊಳಗೆ ಬೇರ್ಪಡಿಸಿದ ಒಂದು ಪ್ರತ್ಯೇಕ ಜಾಲ, ಐಸೊಲೇಶನ್ ವಿಲ್ಯಾನ್ ಎಂದರೆ ಅನುಮಾನದ ಯಂತ್ರಗಳನ್ನು ಕೂಡಿಹಾಕುವ ಜಾಲ. ಇಂಥ ತಂತ್ರಾಂಶ ಹುಡುಕುವವರೆಲ್ಲ ‘ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು’ ಎಂದೇ ಯೋಚಿಸುತ್ತಾರೆ, ನಾನೂ ಹಾಗೇ ಯೋಚಿಸಿದ್ದೆ. ಹೊರಗೆ ನಿಲ್ಲಿಸಿದವರು ಎಲ್ಲಿ ನಿಂತಿರುತ್ತಾರೆ, ಅಲ್ಲಿ ಅವರಿಗೆ ಏನು ಕಾಣುತ್ತದೆ ಎಂಬ ಪ್ರಶ್ನೆ ಹೊಳೆದದ್ದು ಬಹಳ ತಡವಾಗಿ.

ಪ್ಯಾಕೆಟ್‌ಫೆನ್ಸ್ ಉಚಿತ, ಮುಕ್ತ ತಂತ್ರಾಂಶ. ಇದನ್ನು ಬೆಳೆಸಿದ್ದು ಕೆನಡಾದ ಮಾಂಟ್ರಿಯಲ್‌ನ ಇನ್‌ವರ್ಸ್ ಎಂಬ ಕಂಪನಿ. 2021ರಲ್ಲಿ ಆ ಕಂಪನಿಯನ್ನು ಅಕಮಾಯ್ ಕೊಂಡುಕೊಂಡಿತು. ಒಳಗೆ ಇರುವುದೆಲ್ಲ ನಮಗೆ ಪರಿಚಯದ ಸಾಮಾನುಗಳೇ: ಯಾರು ಒಳಗೆ ಬರಬಹುದೆಂದು ಉತ್ತರಿಸುವ ಫ್ರೀರೇಡಿಯಸ್, ದಾಖಲೆ ಇಡುವ ಮರಿಯಾಡಿಬಿ, ಅದರದ್ದೇ ಆದ ಡಿಎಚ್‌ಸಿಪಿ (ಯಂತ್ರಗಳಿಗೆ ಐಪಿ ವಿಳಾಸ ಹಂಚುವುದು) ಮತ್ತು ಡಿಎನ್‌ಎಸ್ (ತಾಣದ ಹೆಸರು ಕೇಳಿದರೆ ಅದರ ವಿಳಾಸ ಹೇಳುವುದು) ಸರ್ವರ್, ಮೇಲೆ ಬಳಕೆದಾರರಿಗೆ ಕಾಣುವ ಒಂದು ಪೋರ್ಟಲ್. ಪರವಾನಗಿಗೆ ಕಾಸಿಲ್ಲ. ಹಾಗೆಂದು ಪುಕ್ಕಟೆಯಾಗಿ ಮುಗಿಯುತ್ತದೆ ಎಂದುಕೊಳ್ಳಬೇಡಿ, ದುಡ್ಡೆಲ್ಲ ಸ್ವಿಚ್ಚಿಗೆ ಹೋಗುತ್ತದೆ.

ನಮಗೆ ಇದು ಬೇಕಾದದ್ದು ಒಂದು ರೌಟರಿನಿಂದ. ಹುಡುಗರ ಹಾಸ್ಟೆಲಿನ ಎರಡನೇ ಮಹಡಿಯಲ್ಲಿ ಯಾರೋ ಮನೆಯಿಂದ ತಂದ ವೈಫೈ ರೌಟರಿನ ಲ್ಯಾನ್ ಪೋರ್ಟನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿದ್ದರು. ಆ ಪುಟ್ಟ ಪೆಟ್ಟಿಗೆ ಕೇಳಿದವರಿಗೆಲ್ಲ ತನ್ನದೇ ತಪ್ಪು ಐಪಿ ಹಂಚತೊಡಗಿತು. ಮಾರನೇ ದಿನ ಆನ್‌ಲೈನ್ ಅರ್ಜಿ ತುಂಬಲು ಕೊನೆಯ ದಿನ, ಮಹಡಿಗೆ ಮಹಡಿಯೇ ನೆಟ್ ಇಲ್ಲದೆ ಕೂತಿತ್ತು. ರಾತ್ರಿ ಹನ್ನೊಂದಕ್ಕೆ ಹೋಗಿ ಸ್ವಿಚ್ಚಿನ 24 ಪೋರ್ಟನ್ನೂ ಒಂದೊಂದಾಗಿ ಕಿತ್ತು ಹುಡುಕಿದೆ. ಸಿಕ್ಕಿದ್ದು 19ನೆಯದರಲ್ಲಿ. ಆ ತಿಂಗಳೇ ಎಲ್ಲ ಸ್ವಿಚ್ಚಿನಲ್ಲೂ ಡಿಎಚ್‌ಸಿಪಿ ಸ್ನೂಪಿಂಗ್ (ಸಿಕ್ಕ ಸಿಕ್ಕ ಪೋರ್ಟಿನಿಂದ ಐಪಿ ಹಂಚದಂತೆ ತಡೆಯುವ ಏರ್ಪಾಡು) ಹಾಕಿದೆ, ಆ ಒಂದು ತೊಂದರೆಗೆ ಅಷ್ಟು ಸಾಕು. ಆದರೆ ಗೋಡೆಯ ಸಾಕೆಟ್ಟಿಗೆ ಯಾರು ಏನನ್ನು ಚುಚ್ಚುತ್ತಿದ್ದಾರೆ ಎಂಬುದೇ ನನಗೆ ಗೊತ್ತಿಲ್ಲ ಎಂಬ ಮಾತು ಆ ರಾತ್ರಿಯಿಂದ ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಕೆಲಸ ಮಾಡುವ ರೀತಿ ಹೀಗೆ. ಸಾಕೆಟ್ಟಿಗೆ ಒಂದು ಲ್ಯಾಪ್‌ಟಾಪ್ ಚುಚ್ಚಿದರೆ, ಸ್ವಿಚ್ಚು ತಾನೇ ಏನೂ ತೀರ್ಮಾನ ಮಾಡುವುದಿಲ್ಲ. ಪ್ರತಿ ಯಂತ್ರಕ್ಕೂ ಮ್ಯಾಕ್ ಎಂಬ ಗುರುತಿನ ವಿಳಾಸವಿರುತ್ತದೆ. ‘ಈ ಮ್ಯಾಕ್ ವಿಳಾಸದವರು ಬಂದಿದ್ದಾರೆ, ಏನು ಮಾಡಲಿ?’ ಎಂದು ರೇಡಿಯಸ್ ಎಂಬ ಪದ್ಧತಿಯಲ್ಲಿ ಪ್ಯಾಕೆಟ್‌ಫೆನ್ಸನ್ನು ಕೇಳುತ್ತದೆ. 802.1ಎಕ್ಸ್ (ಜಾಲಕ್ಕೆ ಸೇರುವಾಗಲೇ ಲಾಗಿನ್ ಕೇಳುವ ಪದ್ಧತಿ) ಬಳಸುವ ಯಂತ್ರವಾದರೆ ಬಳಕೆದಾರರ ಹೆಸರೂ ಪಾಸ್‌ವರ್ಡೂ ಜೊತೆಗೆ ಹೋಗುತ್ತದೆ. ಉತ್ತರದಲ್ಲಿ ವಿಲ್ಯಾನ್ ನಂಬರು ಬರುತ್ತದೆ, ಸ್ವಿಚ್ಚು ಆ ಪೋರ್ಟನ್ನು ಆ ವಿಲ್ಯಾನಿಗೆ ಹಾಕುತ್ತದೆ. ಕೈಪಿಡಿಯ ಉದಾಹರಣೆಯಲ್ಲಿರುವ ನಂಬರನ್ನೇ ನಾನೂ ಇಟ್ಟುಕೊಂಡೆ: 2 ನೋಂದಣಿಗೆ, 3 ಐಸೊಲೇಶನ್ನಿಗೆ, 10 ಮಾಮೂಲಿ ಬಳಕೆಗೆ. ಹೊಸಬರು 2ರಲ್ಲಿ ಇಳಿಯುತ್ತಾರೆ. ಅಲ್ಲಿ ಡಿಎಚ್‌ಸಿಪಿ ಕೊಡುವುದೂ ಪ್ಯಾಕೆಟ್‌ಫೆನ್ಸ್, ಡಿಎನ್‌ಎಸ್ ಉತ್ತರ ಹೇಳುವುದೂ ಅದೇ. ಯಾವ ಹೆಸರು ಕೇಳಿದರೂ ಅದು ಪೋರ್ಟಲಿನ ವಿಳಾಸವನ್ನೇ ಹೇಳುತ್ತದೆ. ಹಾಗಾಗಿ ಬ್ರೌಸರ್ ತೆರೆದವರು ಸುತ್ತಿ ಸುಳಿದು ನೋಂದಣಿ ಪುಟಕ್ಕೇ ಬಂದು ನಿಲ್ಲುತ್ತಾರೆ. ಹೆಸರು, ಯುಎಸ್‌ಎನ್ (ವಿಶ್ವವಿದ್ಯಾಲಯ ಕೊಟ್ಟ ವಿದ್ಯಾರ್ಥಿ ಸಂಖ್ಯೆ) ಕೊಟ್ಟು ಒಳಗೆ ಬಂದರೆ ಪೋರ್ಟು 10ಕ್ಕೆ ಬದಲಾಗುತ್ತದೆ.

ಬದಲಾಗುವ ಆ ಕ್ಷಣವೇ ಎಲ್ಲರನ್ನೂ ಸತಾಯಿಸುವುದು. ವಿಲ್ಯಾನ್ ಬದಲಾದದ್ದು ಸ್ವಿಚ್ಚಿಗೆ ಗೊತ್ತು, ಲ್ಯಾಪ್‌ಟಾಪಿಗೆ ಗೊತ್ತಿಲ್ಲ. ಅದು ಹಳೆಯ ಐಪಿಯನ್ನೇ ಹಿಡಿದುಕೊಂಡು ಕೂತಿರುತ್ತದೆ. ಅದಕ್ಕೇ ನೋಂದಣಿ ವಿಲ್ಯಾನಿನಲ್ಲಿ ಐಪಿಯ ಅವಧಿಯನ್ನು 30 ಸೆಕೆಂಡಿಗೆ ಇಟ್ಟೆ. ಪೋರ್ಟನ್ನು ಒಮ್ಮೆ ಆಫ್ ಮಾಡಿ ಎಬ್ಬಿಸುವಂತೆಯೂ ಪ್ಯಾಕೆಟ್‌ಫೆನ್ಸಿಗೆ ಹೇಳಿದೆ. ಹೊಸದಾಗಿ ಹಾಕುವವರು ‘ನೋಂದಣಿ ಆಯ್ತು, ನೆಟ್ ಬರಲಿಲ್ಲ’ ಎಂಬ ದೂರು ಬಂದರೆ ಮೊದಲು ನೋಡಬೇಕಾದ್ದು ಇವೆರಡನ್ನೇ.

ಈಗ ನನಗೆ ಅತಿ ಮುಖ್ಯ ಅನಿಸಿದ ಸಂಗತಿ. ಐಸೊಲೇಶನ್ ವಿಲ್ಯಾನ್ ಸಿದ್ಧವಾದ ದಿನ ಎರಡು ಹಳೆಯ ಲ್ಯಾಪ್‌ಟಾಪುಗಳನ್ನು ಬೇಕೆಂದೇ 3ಕ್ಕೆ ಹಾಕಿದೆ. ಇಂಟರ್‌ನೆಟ್ ಇಲ್ಲ. ಆಫೀಸ್ ಸರ್ವರ್ ಕಾಣುವುದಿಲ್ಲ. ಪ್ರಿಂಟರ್ ಕಾಣುವುದಿಲ್ಲ. ಸರಿ, ಎಂದುಕೊಂಡು ಏಳುವಷ್ಟರಲ್ಲಿ ನಮ್ಮ ಲ್ಯಾಬ್ ಅಸಿಸ್ಟೆಂಟ್ ಸುಮ್ಮನೆ ಒಂದರಿಂದ ಇನ್ನೊಂದಕ್ಕೆ ಪಿಂಗ್ (‘ಇದ್ದೀಯಾ’ ಎಂದು ಕೇಳುವ ಸಣ್ಣ ಸಂದೇಶ) ಹೊಡೆದ. ಉತ್ತರ ಬಂತು. ಒಂದು ಮಿಲಿಸೆಕೆಂಡಿಗೂ ಕಡಿಮೆ. ‘ಮೇಡಂ, ಇವೆರಡೂ ಮಾತಾಡ್ತಿವೆ’ ಎಂದ.

ನನಗೆ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಸೋಂಕು ತಗುಲಿದ ಯಂತ್ರಗಳನ್ನೆಲ್ಲ ಹುಡುಕಿ ಹುಡುಕಿ ಒಂದೇ ಕೋಣೆಗೆ ಕೂಡಿಹಾಕಲು ಹೊರಟಿದ್ದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ವೈರಸ್ ಹರಡಿದ್ದು ಹೀಗೇ ಅಲ್ಲವೇ, 445ನೇ ಪೋರ್ಟ್ (ಗೋಡೆಯದಲ್ಲ, ಫೈಲ್ ಹಂಚಿಕೆಗೆ ವಿಂಡೋಸ್ ಬಳಸುವ ಬಾಗಿಲು) ತೆರೆದಿಟ್ಟ ಅಕ್ಕಪಕ್ಕದ ವಿಂಡೋಸ್ ಯಂತ್ರಗಳನ್ನು ತಾನೇ ಹುಡುಕಿಕೊಂಡು. ಹೆಚ್ಚೇನೂ ಕೆಡದ ಒಂದು ಲ್ಯಾಪ್‌ಟಾಪನ್ನು ಈ ಕೋಣೆಗೆ ತಂದು ಹಾಕಿದರೆ, ಪಕ್ಕದಲ್ಲಿ ಕೂತಿರುವ ಕೆಟ್ಟ ಯಂತ್ರ ಅದನ್ನೂ ಕೆಡಿಸುತ್ತದೆ. ಇದರಲ್ಲಿ ಪ್ಯಾಕೆಟ್‌ಫೆನ್ಸಿನ ತಪ್ಪಿಲ್ಲ. ಒಂದೇ ವಿಲ್ಯಾನಿನ ಒಳಗೆ ಇಬ್ಬರು ಮಾತಾಡುವುದನ್ನು ತಡೆಯುವವರು ಸ್ವಿಚ್ಚು ಮತ್ತು ವೈಫೈ ಕೊಡುವ ಆಕ್ಸೆಸ್ ಪಾಯಿಂಟ್. ಅದನ್ನು ನಾವೇ ಮಾಡಬೇಕು, ಮತ್ತು ಅಷ್ಟು ದೊಡ್ಡ ಕೈಪಿಡಿ ಓದಿದ ಮೇಲೂ ಅದು ನನಗೆ ಹೊಳೆದಿರಲಿಲ್ಲ.

ವೈಫೈನಲ್ಲಿ ಸುಲಭ, ಕ್ಲೈಂಟ್ ಐಸೊಲೇಶನ್ ಎಂಬ ಒಂದು ಗುಂಡಿ. ತಂತಿಯಲ್ಲಿ ಹಾಸ್ಟೆಲಿನ ಪೋರ್ಟುಗಳಿಗೆಲ್ಲ ‘ಸ್ವಿಚ್‌ಪೋರ್ಟ್ ಪ್ರೊಟೆಕ್ಟೆಡ್’ ಹಾಕಿದೆ. ಪ್ರೊಟೆಕ್ಟೆಡ್ ಪೋರ್ಟು ಇನ್ನೊಂದು ಪ್ರೊಟೆಕ್ಟೆಡ್ ಪೋರ್ಟಿನ ಜೊತೆ ಮಾತಾಡುವುದಿಲ್ಲ, ಅಪ್‌ಲಿಂಕಿನ (ಸ್ವಿಚ್ಚಿನಿಂದ ಮೇಲಿನ ಜಾಲಕ್ಕೆ ಹೋಗುವ ತಂತಿ) ಜೊತೆ ಮಾತ್ರ ಮಾತಾಡುತ್ತದೆ. ಇದರಲ್ಲಿ ಎರಡು ತೊಡಕಿದೆ. ಒಂದು, ಇದು ಒಂದೇ ಸ್ವಿಚ್ಚಿನೊಳಗೆ ಮಾತ್ರ ನಡೆಯುತ್ತದೆ. ಎರಡು ಸ್ವಿಚ್ಚಿನ ನಡುವೆ ಅದೇ ವಿಲ್ಯಾನ್ ಹರಡಿದ್ದರೆ ದಾರಿ ತೆರೆದೇ ಇರುತ್ತದೆ. ಅದನ್ನು ಆದಷ್ಟು ಕಡಿಮೆ ಮಾಡಲು ಒಂದೇ 3ನೇ ವಿಲ್ಯಾನನ್ನು ಇಡೀ ಕ್ಯಾಂಪಸ್ಸಿಗೆ ಹರಡುವುದನ್ನು ಬಿಟ್ಟು, ಹಾಸ್ಟೆಲಿಗೊಂದು, ಬ್ಲಾಕಿಗೊಂದು ಬೇರೆ ಬೇರೆ ಐಸೊಲೇಶನ್ ಜಾಲ ಮಾಡಿ, ರೌಟ್ ಮಾಡಿ ಪ್ಯಾಕೆಟ್‌ಫೆನ್ಸಿಗೆ ತಲುಪಿಸಿದೆ. ಇನ್ನೊಂದು, ಪ್ರೊಟೆಕ್ಟೆಡ್ ಎಂಬುದು ಪೋರ್ಟಿಗೆ ಅಂಟಿಕೊಂಡಿರುತ್ತದೆ, ವಿಲ್ಯಾನಿಗಲ್ಲ. ಯಂತ್ರಕ್ಕೆ ಸೋಂಕಿಲ್ಲದಾಗಲೂ ಅಕ್ಕಪಕ್ಕದವರು ಮಾತಾಡುವಂತಿಲ್ಲ. ಹಾಸ್ಟೆಲಿನಲ್ಲಿ ಅದು ನನಗೆ ಒಳ್ಳೆಯದೇ. ಪ್ರೋಗ್ರಾಮಿಂಗ್ ಲ್ಯಾಬಿನಲ್ಲಿ ಆಗುವುದಿಲ್ಲ, ಅಲ್ಲಿ ಯಂತ್ರದಿಂದ ಯಂತ್ರಕ್ಕೆ ಸಂದೇಶ ಕಳಿಸುವ ಪ್ರೋಗ್ರಾಂ ಓಡಿಸುವುದೇ ಪಾಠ. ಹಾಗಾಗಿ ಲ್ಯಾಬುಗಳಲ್ಲಿ ಇದನ್ನು ಹಾಕಿಲ್ಲ. ಪ್ರೈವೇಟ್ ವಿಲ್ಯಾನ್ (ಒಂದೇ ವಿಲ್ಯಾನಿನವರನ್ನೂ ಪರಸ್ಪರ ಬೇರ್ಪಡಿಸುವ ಏರ್ಪಾಡು) ಇದ್ದಿದ್ದರೆ ಇನ್ನೂ ಚೆನ್ನಾಗಿತ್ತು, ನಮ್ಮ ಅಂಚಿನ ಸ್ವಿಚ್ಚುಗಳಿಗೆ ಆ ಶಕ್ತಿ ಇಲ್ಲ.

ರೌಟ್ ಮಾಡಿದ ಕೂಡಲೇ ನಾನೇ ಒಂದು ದೊಡ್ಡ ತಪ್ಪು ಮಾಡಿದೆ. ಹಾಸ್ಟೆಲಿನ ನೋಂದಣಿ ಜಾಲಕ್ಕೆ ಎಲ್ಲ ಸ್ವಿಚ್ಚುಗಳೂ ಬಂದು ಸೇರುವ ಕೋರ್ ಸ್ವಿಚ್ಚಿನಲ್ಲಿ ಒಂದು ಗೇಟ್‌ವೇ ವಿಳಾಸ ಕೊಡಬೇಕಾಯಿತು, ಡಿಎಚ್‌ಸಿಪಿ ಕೋರಿಕೆಯನ್ನು ಪ್ಯಾಕೆಟ್‌ಫೆನ್ಸಿಗೆ ದಾಟಿಸಲು. ದಾಟಿಸಿದೆ, ಕೆಲಸ ಮಾಡಿತು, ಎಸಿಎಲ್ (ಎಲ್ಲಿಂದ ಎಲ್ಲಿಗೆ ಹೋಗಬಹುದು ಎಂಬ ನಿಯಮಗಳ ಪಟ್ಟಿ) ಹಾಕುವುದನ್ನು ಮರೆತೆ. ಹನ್ನೆರಡು ದಿನ ಯಾರಿಗೂ ಗೊತ್ತಾಗಲಿಲ್ಲ. ಹದಿಮೂರನೇ ದಿನ ಮೂರನೇ ಸೆಮಿಸ್ಟರಿನ ಒಬ್ಬ ಹುಡುಗ ನನ್ನ ಕೋಣೆಗೆ ಬಂದು, ‘ಮೇಡಂ, ಡಿಎನ್‌ಎಸ್ ಕೈಯಾರೆ ಗೂಗಲ್‌ದು 8.8.8.8 ಅಂತ ಹಾಕ್ಕೊಂಡ್ರೆ ಲಾಗಿನ್ ಇಲ್ದೆನೇ ನೆಟ್ ಬರುತ್ತೆ, ನಿಮಗೆ ಹೇಳ್ಬೇಕು ಅನ್ನಿಸ್ತು’ ಎಂದ. ಬೇಲಿಯ ಗೇಟಿಗೆ ಬೀಗ ಹಾಕಿ ಪಕ್ಕದ ದಣಪೆ ತೆರೆದಿಟ್ಟಿದ್ದೆ. ಅಂದು ಮಧ್ಯಾಹ್ನವೇ ಎಸಿಎಲ್ ಬರೆದೆ: ಆ ಜಾಲದಿಂದ ಪ್ಯಾಕೆಟ್‌ಫೆನ್ಸಿನ ವಿಳಾಸಕ್ಕೆ ಮಾತ್ರ ದಾರಿ, ಮಿಕ್ಕಿದ್ದೆಲ್ಲ ಮುಚ್ಚಿ. ಆ ಹುಡುಗ ಈಗ ನಮ್ಮ ನೆಟ್‌ವರ್ಕ್ ತಂಡದಲ್ಲಿದ್ದಾನೆ. ಇದನ್ನು ಹಾಕುವ ಯಾರೇ ಆಗಲಿ, ಡಿಎನ್‌ಎಸ್ ತಿರುಗಿಸುವುದನ್ನೇ ಬೇಲಿ ಎಂದುಕೊಳ್ಳಬೇಡಿ. ಅದು ದಾರಿ ತೋರಿಸುವ ಬೋರ್ಡು ಅಷ್ಟೇ. ತಡೆಯುವುದು ವಿಲ್ಯಾನ್ ಮತ್ತು ಎಸಿಎಲ್.

ಇನ್ನು ಒಂದು ಹುಡುಗಿಯ ವಿಷಯ. 2023ರ ಅಕ್ಟೋಬರಿನಲ್ಲಿ ಹುಡುಗಿಯರ ಹಾಸ್ಟೆಲಿನ ಒಂದು ಲ್ಯಾಪ್‌ಟಾಪನ್ನು ನಮ್ಮ ಸುರಿಕಾಟಾ (ಜಾಲದಲ್ಲಿ ಅನುಮಾನದ ಓಡಾಟ ಪತ್ತೆಹಚ್ಚುವ ತಂತ್ರಾಂಶ) ಹಿಡಿಯಿತು. ಅಪ್‌ಲಿಂಕಿನ ಮೇಲೆ ಕಣ್ಣಿಟ್ಟು ಅದು ಎಚ್ಚರಿಕೆ ಕಳಿಸುತ್ತದೆ, ಪ್ಯಾಕೆಟ್‌ಫೆನ್ಸ್ ಅದನ್ನು ಓದಿ ಆ ಯಂತ್ರವನ್ನು ಐಸೊಲೇಶನ್ನಿಗೆ ಹಾಕುತ್ತದೆ. ಎಲ್ಲವೂ ಪುಸ್ತಕದಲ್ಲಿ ಬರೆದ ಹಾಗೇ ನಡೆಯಿತು. ಮೂರು ದಿನ ಕಳೆದರೂ ಆ ಲ್ಯಾಪ್‌ಟಾಪಿನವರು ಯಾರೂ ನಮ್ಮ ಹತ್ತಿರ ಬರಲಿಲ್ಲ. ನಾಲ್ಕನೇ ದಿನ ವಾರ್ಡನ್ ಮೇಡಂ ಫೋನ್ ಮಾಡಿದರು. ಮೊದಲ ವರ್ಷದ ಹುಡುಗಿ, ಪಿಯುಸಿವರೆಗೂ ಕನ್ನಡದಲ್ಲೇ ಯೋಚಿಸಿ ಬರೆದವಳು. ಪರದೆಯ ಮೇಲೆ ಕೆಂಪು ಪಟ್ಟಿ, ಇಂಗ್ಲಿಷಿನಲ್ಲಿ ‘ಕ್ವಾರಂಟೈನ್’, ‘ಪಾಲಿಸಿ’, ‘ಅಡ್ಮಿನಿಸ್ಟ್ರೇಟರ್’ ಎಂದೆಲ್ಲ ಕಂಡು, ತಾನು ಏನೋ ಅಪರಾಧ ಮಾಡಿದ್ದೇನೆ, ಕಾಲೇಜಿನಿಂದ ತೆಗೆಯುತ್ತಾರೆ ಎಂದು ಲ್ಯಾಪ್‌ಟಾಪ್ ಮುಚ್ಚಿ ಟ್ರಂಕಿನ ತಳದಲ್ಲಿಟ್ಟಿದ್ದಳು. ಮನೆಗೂ ಹೇಳಿರಲಿಲ್ಲ.

ನಾನೇ ಹೋದೆ. ಮಂಚದ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆವು. ಅಣ್ಣ ಕೊಟ್ಟ ಹಳೆಯ ಯಂತ್ರ, ಜೊತೆಗೆ ಅಣ್ಣನ ಪೆನ್‌ಡ್ರೈವಿನ ವೈರಸ್ಸು. ಮುಕ್ಕಾಲು ಗಂಟೆಯಲ್ಲಿ ಸರಿಯಾಯಿತು. ‘ನಂದೇನು ತಪ್ಪಿಲ್ವಾ ಮೇಡಂ?’ ಎಂದು ಅವಳು ಎರಡು ಸಲ ಕೇಳಿದಳು.

ಆ ವಾರ ಬೇರೆಲ್ಲ ಬಿಟ್ಟು ಆ ಪುಟ ಬರೆಯಲು ಕೂತೆ. ಇಲ್ಲಿ ಪ್ಯಾಕೆಟ್‌ಫೆನ್ಸ್ ನನ್ನ ಮನಸ್ಸು ಗೆದ್ದಿತು. ಪೋರ್ಟಲಿನ ಪ್ರತಿ ಪುಟದ ಟೆಂಪ್ಲೇಟನ್ನೂ ನಾವು ತಿದ್ದಬಹುದು, ಒಂದೊಂದು ಬಗೆಯ ತೊಂದರೆಗೂ ಒಂದೊಂದು ಪುಟ ಇಡಬಹುದು. ಕನ್ನಡ ಅಕ್ಷರ ಹಾಕಿದರೆ ಏನೂ ತಕರಾರಿಲ್ಲದೆ ಹಾಗೇ ತೋರಿಸುತ್ತದೆ. ಈಗ ನಮ್ಮ ಪುಟದಲ್ಲಿ ಮೇಲೆ ಹೀಗಿದೆ: ‘ನಿಮ್ಮ ಲ್ಯಾಪ್‌ಟಾಪಿಗೆ ವೈರಸ್ ತಗುಲಿರುವ ಹಾಗೆ ಕಾಣುತ್ತಿದೆ. ನೀವು ತಪ್ಪು ಮಾಡಿದ್ದೀರಿ ಎಂದು ಇದರ ಅರ್ಥವಲ್ಲ. ಬೇರೆಯವರಿಗೆ ಹರಡಬಾರದೆಂದು ಸ್ವಲ್ಪ ಹೊತ್ತು ಬೇರೆ ಕಡೆ ಇಟ್ಟಿದ್ದೇವೆ. ಕೆಳಗಿನ ಗುಂಡಿ ಒತ್ತಿ ಪರೀಕ್ಷೆ ನಡೆಸಿ. ಗೊತ್ತಾಗದಿದ್ದರೆ ಬಿ ಬ್ಲಾಕ್ ನೆಲಮಹಡಿಗೆ ಬನ್ನಿ, ಸಂಜೆ ಆರರವರೆಗೆ ಇರುತ್ತೇವೆ.’ ಕೆಳಗೆ ಇಂಗ್ಲಿಷಿನಲ್ಲೂ ಅದೇ ಮಾತು. ಕೆಂಪು ಪಟ್ಟಿ ತೆಗೆದೆ. ಹೊಸ ಪುಟ ಬಂದ ಮೇಲೆ ಲ್ಯಾಪ್‌ಟಾಪ್ ಬಚ್ಚಿಟ್ಟವರು ಯಾರೂ ನನಗೆ ಸಿಕ್ಕಿಲ್ಲ, ಹೆಚ್ಚಿನವರು ಅದೇ ದಿನ ಬರುತ್ತಾರೆ.

ಆ ಗುಂಡಿಯ ಹಿಂದಿನ ಏರ್ಪಾಡೂ ಚೆನ್ನಾಗಿದೆ. ಐಸೊಲೇಶನ್ ಎಂದರೆ ಪೂರ್ತಿ ಕತ್ತಲೆಯಾಗಬೇಕಿಲ್ಲ, ಕೆಲವು ಡೊಮೈನುಗಳಿಗೆ ಮಾತ್ರ ಕಿಂಡಿ ಬಿಡಬಹುದು. ನಾನು ವಿಂಡೋಸ್ ಅಪ್‌ಡೇಟಿನವು, ನಮ್ಮ ಆಂಟಿವೈರಸ್ಸಿನವು ಬಿಟ್ಟಿದ್ದೇನೆ. ಔಷಧಿ ಒಳಗೆ ಬರಲು ದಾರಿ ಇರಬೇಕಲ್ಲ. ಇನ್ನೊಂದು, ಎಷ್ಟು ಸಲ ಬಳಕೆದಾರರೇ ಗುಂಡಿ ಒತ್ತಿ ಹೊರಗೆ ಬರಬಹುದು ಎಂದು ನಾವು ಗೊತ್ತುಮಾಡಬಹುದು. ನಾನು ಎರಡು ಇಟ್ಟಿದ್ದೇನೆ. ಮೂರನೇ ಸಲ ನಮ್ಮ ಹತ್ತಿರವೇ ಬರಬೇಕು. ಗುಂಡಿಯೇ ಇಲ್ಲದಿದ್ದರೆ ಸಾಲು ನಮ್ಮ ಬಾಗಿಲ ಮುಂದೆ ನಿಲ್ಲುತ್ತದೆ. ಲೆಕ್ಕವಿಲ್ಲದಷ್ಟು ಸಲ ಬಿಟ್ಟರೆ ಓದದೆ ಒತ್ತುತ್ತಾ ಹೋಗುತ್ತಾರೆ. ಎರಡು ಸರಿಯಾದ ಅಳತೆ ಅಂತ ನನ್ನ ಅನುಭವ.

ಕಡಿದ ಆ ಒಂದು ಅಂಕಕ್ಕೆ ಬರುತ್ತೇನೆ. ಇದಕ್ಕೆ ದೊಡ್ಡ ಯಂತ್ರ ಬೇಕು, 16 ಜಿಬಿ ರ್‍ಯಾಮ್ ಇಲ್ಲದೆ ಹೊರಡಲೇಬೇಡಿ. ಒಳಗೆ ಇರುವ ಸರ್ವಿಸುಗಳು ಒಂದೆರಡಲ್ಲ, ನಮ್ಮ ಸರ್ವರಿನಲ್ಲಿ ಎಲ್ಲವೂ ಎದ್ದು ನಿಲ್ಲಲು ಆರೇಳು ನಿಮಿಷ ಹಿಡಿಯುತ್ತದೆ. ಸಮತಟ್ಟು ಊರಿನಲ್ಲಿ ಅದೇನು ದೊಡ್ಡದಲ್ಲ. ನಮ್ಮಲ್ಲಿ ಜೂನ್ ಬಂತೆಂದರೆ ಕರೆಂಟು ದಿನಕ್ಕೆ ಆರು ಸಲ ಹೋಗುತ್ತದೆ, ಗುಡುಗು ಶುರುವಾದರೆ ಕೇಳಲೇಬೇಡಿ. ಮೊದಲ ಮಳೆಗಾಲದ ಒಂದು ಬೆಳಿಗ್ಗೆ ಹತ್ತಿರದಲ್ಲೇ ಸಿಡಿಲು ಹೊಡೆದು ಸರ್ವರ್ ಕೋಣೆಯ ಯುಪಿಎಸ್ ಸುಟ್ಟುಹೋಯಿತು. ಜನರೇಟರ್ ಬಂದಾಗ ಸ್ವಿಚ್ಚುಗಳೆಲ್ಲ ಎರಡು ನಿಮಿಷದಲ್ಲಿ ಎದ್ದು ‘ಯಾರನ್ನು ಎಲ್ಲಿ ಹಾಕಲಿ’ ಎಂದು ಕೇಳತೊಡಗಿದವು. ಉತ್ತರ ಹೇಳುವವರು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಅಡ್ಮಿಶನ್ ದಿನ. ಫೀಸ್ ಕೌಂಟರಿನ ಮುಂದೆ ಅಪ್ಪಂದಿರು ಡಿಡಿ ಹಿಡಿದು ನಿಂತಿದ್ದಾರೆ, ಒಳಗೆ ಕಂಪ್ಯೂಟರಿಗೆ ಜಾಲವಿಲ್ಲ.

ಅಂದಿನಿಂದ ರೇಡಿಯಸ್ ಸತ್ತಾಗ ಏನು ಮಾಡಬೇಕೆಂದು ಪ್ರತಿ ಸ್ವಿಚ್ಚಿಗೂ ಮೊದಲೇ ಹೇಳಿಟ್ಟಿದ್ದೇನೆ. ಆಫೀಸಿನ ಪೋರ್ಟುಗಳು ಆಗ ಮಾಮೂಲಿ ವಿಲ್ಯಾನಿಗೇ ಹೋಗುತ್ತವೆ, ಹಾಸ್ಟೆಲಿನವು ನೋಂದಣಿ ವಿಲ್ಯಾನಿನಲ್ಲಿ ಕಾಯುತ್ತವೆ. ಎರಡಕ್ಕೂ ಒಂದೇ ನಿಯಮ ಬರೆಯಬೇಡಿ. ಕೆಲವು ಸರ್ವರುಗಳು ಸೇರಿ ಒಂದೇ ಕೆಲಸ ನಡೆಸುವಂತೆ ಕ್ಲಸ್ಟರ್ ಮಾಡಿದರೆ ಈ ಚಿಂತೆ ಕಡಿಮೆಯಾಗುತ್ತದೆ, ಅದಕ್ಕೆ ಮೂರು ಸರ್ವರ್ ಬೇಕು, ನಮ್ಮ ಕಾಲೇಜಿಗೆ ಸದ್ಯಕ್ಕೆ ಕೈಗೆಟುಕದ ಮಾತು.

ಫೋನುಗಳ ಕಿರಿಕಿರಿ ಬೇರೆ. ಆಂಡ್ರಾಯ್ಡ್ 10ರಿಂದ, ಐಫೋನಿನಲ್ಲಿ 2020ರ ಐಒಎಸ್ 14ರಿಂದ ಪ್ರತಿ ವೈಫೈಗೂ ಬೇರೆ ಮ್ಯಾಕ್ ವಿಳಾಸ ಕಟ್ಟಿಕೊಂಡು ಬರುತ್ತವೆ. ಮ್ಯಾಕ್ ವಿಳಾಸದ ಎರಡನೇ ಅಕ್ಷರ 2, 6, ಎ, ಇ ಇವುಗಳಲ್ಲಿ ಒಂದಾಗಿದ್ದರೆ ಅದು ಇಂಥ ಕಟ್ಟಿದ ವಿಳಾಸ ಎಂದು ಗೊತ್ತಾಗುತ್ತದೆ. ವಿಳಾಸ ನಂಬಿಕೊಂಡು ನೋಂದಣಿ ಮಾಡಿದರೆ ಒಬ್ಬನ ಹೆಸರಿನಲ್ಲಿ ಐದು ಯಂತ್ರ ಸೇರಿಕೊಳ್ಳುತ್ತವೆ. ವೈಫೈಗೆ ನೇರ 802.1ಎಕ್ಸ್‌ಗೇ ಹೋಗಿ, ಆಗ ಹೆಸರಿನ ಮೇಲೆ ನಡೆಯುತ್ತದೆ. ಪ್ರಿಂಟರ್, ಕ್ಯಾಮೆರಾ, ಬಯೊಮೆಟ್ರಿಕ್ ಯಂತ್ರಗಳಿಗೆ ಮಾತ್ರ ಮ್ಯಾಕ್ ಸಾಕು. ಅವಕ್ಕೂ ಬೇರೆಯೇ ವಿಲ್ಯಾನ್ ಕೊಡಿ, ಏಕೆಂದರೆ ಪ್ರಿಂಟರಿನ ಮ್ಯಾಕ್ ವಿಳಾಸ ಅದರ ಹಿಂಬದಿಯ ಚೀಟಿಯ ಮೇಲೆಯೇ ಬರೆದಿರುತ್ತದೆ, ಯಾರು ಬೇಕಾದರೂ ನಕಲು ಮಾಡಬಹುದು. ಅತಿಥಿಗಳಿಗೆ ಎಸ್‌ಎಂಎಸ್ ಒಟಿಪಿ ಕೊಡಬೇಕೆಂದಿದ್ದೆ. ನಮ್ಮ ದೇಶದಲ್ಲಿ ಡಿಎಲ್‌ಟಿ (ಸಂಸ್ಥೆಗಳು ಎಸ್‌ಎಂಎಸ್ ಕಳಿಸಲು ದೂರವಾಣಿ ಕಂಪನಿಗಳಲ್ಲಿ ಮಾಡಿಸಬೇಕಾದ) ನೋಂದಣಿ ಇಲ್ಲದೆ ಅಂಥ ಎಸ್‌ಎಂಎಸ್ ಹೋಗುವುದಿಲ್ಲ. ಅದನ್ನು ಬಿಟ್ಟು ಸ್ಪಾನ್ಸರ್ ಪದ್ಧತಿ ಇಟ್ಟೆ: ಅತಿಥಿ ಯಾರನ್ನು ನೋಡಲು ಬಂದರೋ ಆ ಮೇಷ್ಟರಿಗೆ ಮೇಲ್ ಹೋಗುತ್ತದೆ, ಅವರು ಒಪ್ಪಿದರೆ ನೆಟ್ ಬರುತ್ತದೆ.

ಲೆಕ್ಕಪತ್ರದ ವಿಷಯದಲ್ಲಿ ಇದು ನಿಯತ್ತಿನ ಗುಮಾಸ್ತನ ಹಾಗೆ. ಲಾಗುಗಳನ್ನು (ಯಂತ್ರಗಳ ಚಟುವಟಿಕೆಯ ದಾಖಲೆ) 180 ದಿನ ಇಟ್ಟುಕೊಳ್ಳಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಹೇಳಿದ ಮೇಲೆ ನಮ್ಮ ಆಡಳಿತ ಮಂಡಳಿಗೂ ಈ ಬಗ್ಗೆ ಕಾಳಜಿ ಹುಟ್ಟಿತು. ಇಂಥ ದಿನ, ಇಂಥ ಗಂಟೆಗೆ ಈ ಐಪಿ ಯಾರ ಹತ್ತಿರ ಇತ್ತು, ಯಾವ ಸ್ವಿಚ್ಚಿನ ಎಷ್ಟನೇ ಪೋರ್ಟು ಎಂದು ಕೇಳಿದರೆ ಒಂದು ನಿಮಿಷದಲ್ಲಿ ಉತ್ತರ ತೆಗೆಯುತ್ತೇನೆ. ಹಳೆಯ ದಾಖಲೆ ಅಳಿಸುವ ಅವಧಿಯನ್ನು ಮಾತ್ರ ನೀವೇ ಹೋಗಿ ಹೆಚ್ಚಿಸಿಡಬೇಕು.

ಸಣ್ಣ ಆಫೀಸು, ಹತ್ತಿಪ್ಪತ್ತು ಕಂಪ್ಯೂಟರು ಇರುವವರಿಗೆ ಇದು ಬೇಡ. ಹೀಗೆ ಹೇಳಿದಂತೆ ಕೇಳುವ ಮ್ಯಾನೇಜ್ಡ್ ಸ್ವಿಚ್ ಇಲ್ಲದವರಿಗೆ ಇನ್‌ಲೈನ್ ಎಂಬ ಇನ್ನೊಂದು ದಾರಿ ಇದೆ, ಅಲ್ಲಿ ಪ್ಯಾಕೆಟ್‌ಫೆನ್ಸ್ ತಾನೇ ಗೇಟ್‌ವೇ ಆಗಿ ಕೂರುತ್ತದೆ. ಆದರೆ ಅದರಲ್ಲಿ ಯಂತ್ರಗಳನ್ನು ಬೇರೆ ಬೇರೆ ಕೋಣೆಗೆ ಹಾಕಿದ ಹಾಗಾಗುವುದಿಲ್ಲ. ಕಾಲೇಜು, ಆಸ್ಪತ್ರೆ, ಕಾರ್ಖಾನೆಯವರು ಕಣ್ಣುಮುಚ್ಚಿ ಅಲ್ಲ, ಕಣ್ಣು ತೆರೆದು ತೆಗೆದುಕೊಳ್ಳಬಹುದು. ಶುರು ಮಾಡುವಾಗ ಒಂದು ಮಹಡಿ, ಒಂದು ಸ್ವಿಚ್ಚು ಸಾಕು. ಐಸೊಲೇಶನ್ನಿಗೆ ಎರಡು ಲ್ಯಾಪ್‌ಟಾಪ್ ಹಾಕಿ ಒಂದರಿಂದ ಇನ್ನೊಂದಕ್ಕೆ ಪಿಂಗ್ ಹೊಡೆದು ನೋಡಿ. ಡಿಎನ್‌ಎಸ್ ಕೈಯಾರೆ ಬದಲಿಸಿ ನೋಡಿ. ಸರ್ವರಿನ ತಂತಿ ಕಿತ್ತು ನೋಡಿ. ಕನ್ನಡದ ಪುಟಗಳನ್ನು ನಾವು ಒಟ್ಟು ಏಳು ಬರೆದಿದ್ದೇವೆ, ವೈರಸ್ಸಿಗೆ, ಮನೆಯ ರೌಟರಿಗೆ, ನೋಂದಣಿ ಅವಧಿ ಮುಗಿದವರಿಗೆ ಹೀಗೆ. ಈ ರಜೆಯಲ್ಲಿ ಹುಡುಗಿಯರ ಹಾಸ್ಟೆಲಿನ ಹೊಸ ಬ್ಲಾಕಿಗೆ ನಾಲ್ಕು ಸ್ವಿಚ್ಚು ಬರುತ್ತಿವೆ, ಅಲ್ಲಿ ಹಾಕುವ ಮೊದಲು ಆ ಏಳನ್ನೂ ಮೊದಲ ವರ್ಷದ ಮಕ್ಕಳಿಗೆ ಓದಲು ಕೊಟ್ಟು, ಅರ್ಥವಾಗದ ಪದಗಳಿಗೆ ಗುರುತು ಹಾಕಿಸಿಕೊಳ್ಳುತ್ತಿದ್ದೇನೆ.